ಇಂದ್ರಾಣಿ ಮೇಡಂ ಎಸೆದ ಹಗ್ಗ

ನಾನು ನೀರಿಗೆ ಬಿದ್ದವನು. ಗಾಬರಿ ಬೀಳಬೇಡಿ, ಮೈ ಒದ್ದೆಯಾಗಿಲ್ಲ. ಬಿಎಂಟಿಸಿಯಲ್ಲಿ ಕಂಡಕ್ಟರಾಗಿ ಬನ್ನೇರುಘಟ್ಟ ರೋಡಿನಲ್ಲೇ ಆಯುಸ್ಸು ಸವೆಸಿದ ಶಾಮಣ್ಣ ನಾನು. ಈಜು ಬರುವುದಿಲ್ಲ. ಸಮುದ್ರ ನೋಡಿದ್ದು ಒಂದೇ ಸಲ, ಧರ್ಮಸ್ಥಳಕ್ಕೆ ಹೋದವರು ಹಾಗೇ ಮಂಗಳೂರಿಗೂ ಹೋಗಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು. ಆದರೂ ಗೊಟ್ಟಿಗೆರೆಯ ನಮ್ಮ ಗಲ್ಲಿಯಲ್ಲಿ, ಎದುರು ಮನೆಯ ಸಿದ್ದರಾಜುವಿನ ಶೆಡ್ಡಿನ ಮುಂದೆ, ಒಣ ಮಣ್ಣಿನ ಮೇಲೆ ಕೂತು 'ಅಯ್ಯೋ ಮುಳುಗ್ತಾ ಇದೀನಿ' ಎಂದು ಎಷ್ಟು ಭಾನುವಾರ ಕೈ ಆಡಿಸಿದ್ದೇನೋ ನೆನಪಿಲ್ಲ. ಶೆಡ್ಡಿನಲ್ಲಿ ಮರದ ದಿಮ್ಮಿಗಳ ಮೇಲೆ ಕೂರಿಸಿದ ದೋಣಿ. ದೋಣಿಯ ಮೇಲೆ ಸಿದ್ದರಾಜುವಿನ ಹೆಂಡತಿ ಇಂದ್ರಾಣಿ ಮೇಡಂ, ಕೈಯಲ್ಲಿ ಹಗ್ಗದ ಸುರುಳಿ. ಅವರು ಬೀಸಿ ಎಸೆದರೆ ತುದಿಯ ಕುಣಿಕೆ ಸೀದಾ ನನ್ನ ತೊಡೆಯ ಮೇಲೆ ಬೀಳಬೇಕು. ನಾನು ಅದನ್ನು ಕಂಕುಳಿಗೆ ಸಿಕ್ಕಿಸಿಕೊಳ್ಳಬೇಕು. ಆಮೇಲೆ ಅವರು ಎಳೆಯುವುದು, ನಾನು ಅಂಡು ಉಜ್ಜಿಕೊಂಡು ದೋಣಿಯ ಬುಡಕ್ಕೆ ಬರುವುದು. ನನ್ನ ಹೆಂಡತಿ ಕಿಟಕಿಯಿಂದ ನೋಡಿ, "ಥೂ, ವಯಸ್ಸಿಗೆ ತಕ್ಕ ಹಾಗೆ ಇರ್ರೀ. ಆ ಪ್ಯಾಂಟು ಒಗೆಯೋಳು ನಾನು" ಎಂದು ಬೈಯುತ್ತಿದ್ದಳು.

ಇದು ಆಟವಲ್ಲ, ತಾಲೀಮು. ಗಂಡಹೆಂಡತಿ ಇಬ್ಬರೇ ಹಾಯಿದೋಣಿಯಲ್ಲಿ ಸಮುದ್ರಕ್ಕೆ ಹೋಗಬೇಕೆಂದಿದ್ದರು. ದಡದಲ್ಲಿ ಒಂದು ಸುತ್ತು ಹಾಕಿ ಬೋಂಡ ತಿಂದು ಬರುವ ಸಮುದ್ರವಲ್ಲ. ಮಲ್ಪೆಯಲ್ಲಿ ದೋಣಿ ಇಳಿಸಿ, ಕೊಚ್ಚಿಗೆ ಹೋಗಿ, ಅಲ್ಲಿಂದ ಮಾಲ್ಡೀವ್ಸ್, ಅಲ್ಲಿಂದ ಇನ್ನೂ ಆಚೆ, ಎತ್ತ ನೋಡಿದರೂ ನೆಲವೇ ಕಾಣದ ಕಡೆಗೆ. ಅಂಥ ಕಡೆ ಒಬ್ಬರು ಕಾಲು ಜಾರಿ ನೀರಿಗೆ ಬಿದ್ದರೆ ದೋಣಿಯಲ್ಲಿ ಉಳಿದ ಇನ್ನೊಬ್ಬರೇ ದಿಕ್ಕು. ಕೂಗಿದರೆ ಬರುವವರು ಯಾರೂ ಇಲ್ಲ. ಆದ್ದರಿಂದ ಅವರಿಬ್ಬರ ನಡುವೆ ಒಂದು ಮಾತಾಗಿತ್ತು. ಇಬ್ಬರಿಗೂ ಹಗ್ಗ ಎಸೆಯಲು, ಎಳೆಯಲು ಕೈಯಲ್ಲಿ ಶಕ್ತಿ ಇರುವ ತನಕ ಮಾತ್ರ ಸಮುದ್ರ. ಒಬ್ಬರಿಗೆ ಆಗದಿದ್ದರೂ ಇಲ್ಲ.

ಇಂದ್ರಾಣಿ ಮೇಡಂ ಹುಟ್ಟಿದ್ದು ಹನುಮಂತನಗರದಲ್ಲಿ, ಗುಡ್ಡದ ದೇವಸ್ಥಾನದ ಬುಡದ ವಠಾರದಲ್ಲಿ. ಜಯನಗರದ ಕಾಲೇಜಿಗೆ ಸೇರಿದಾಗ ಎನ್‌ಸಿಸಿಯಲ್ಲಿ ನೌಕಾದಳದ ವಿಭಾಗ ತೆಗೆದುಕೊಂಡರು. ನಮ್ಮೂರಲ್ಲಿ ನಲ್ಲಿಯಲ್ಲೇ ನೀರು ದಿನ ಬಿಟ್ಟು ದಿನ, ಇವರಿಗೆ ನೌಕಾದಳ! ಭಾನುವಾರ ಬೆಳಗ್ಗೆ ಹಲಸೂರು ಕೆರೆಯಲ್ಲಿ ಹಾಯಿದೋಣಿ ಕಲಿಸುತ್ತಿದ್ದರಂತೆ. ಗೊಟ್ಟಿಗೆರೆಯಿಂದ ಸೈಕಲ್ ತುಳಿದುಕೊಂಡು ಬರುತ್ತಿದ್ದ ಸಿದ್ದರಾಜುವೂ ಅದೇ ದೋಣಿಯಲ್ಲಿ. ಮೇಡಂ ಚುಕ್ಕಾಣಿ ಹಿಡಿಯುವವರು, ಅವನು ಹಾಯಿಯ ಹಗ್ಗ ಹಿಡಿಯುವವನು. ಅವರು 'ಎಳಿ' ಅಂದರೆ ಎಳೆಯಬೇಕು, 'ಬಿಡು' ಅಂದರೆ ಬಿಡಬೇಕು. ಮದುವೆಯಾದ ಮೇಲೂ ಅದೇ ನಡೆಯಿತು. ನೆಂಟರ ಮುಂದೆ 'ರೀ, ನೀವು' ಎನ್ನುತ್ತಿದ್ದವರು ದೋಣಿಯ ಏಣಿ ಹತ್ತಿದರೆ ಸಾಕು, 'ಸಿದ್ದು, ಬಾ ಇಲ್ಲಿ' ಎನ್ನುತ್ತಿದ್ದರು.

ಮೇಡಂ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆದರು. ಸಿದ್ದರಾಜು ಕಾರ್ಖಾನೆಯೊಂದರಲ್ಲಿ ಎರಕದ ಅಚ್ಚಿಗೆ ಮರದ ಮಾದರಿ ಮಾಡುವ ಕೆಲಸಕ್ಕೆ ಸೇರಿದ. ಮಕ್ಕಳಾಗಲಿಲ್ಲ. ಹೆಣ್ಣಾದರೆ ಇಂಚರ ಎಂದು ಹೆಸರಿಡಬೇಕು ಅಂತ ಮದುವೆಯ ಹೊಸದರಲ್ಲಿ ಮಾತಾಡಿಕೊಂಡಿದ್ದರಂತೆ. ಆ ಹೆಸರು ಹಾಗೇ ಉಳಿದಿತ್ತು. ಸಿದ್ದರಾಜು ಸ್ವಯಂನಿವೃತ್ತಿ ತೆಗೆದುಕೊಂಡು ದೋಣಿ ಕಟ್ಟಲು ಶುರುಮಾಡಿದ ಮೇಲೆ, ಅದರ ಮೂತಿಯ ಮೇಲೆ ನೀಲಿ ಬಣ್ಣದಲ್ಲಿ 'ಇಂಚರ' ಎಂದು ಬರೆದರು. ನಾನು ಆ ಅಕ್ಷರದ ಬಗ್ಗೆ ಏನೂ ಕೇಳಲಿಲ್ಲ. ಕಂಡಕ್ಟರಿಗೂ ಕೇಳಬಾರದ್ದು ಯಾವುದು ಅಂತ ಗೊತ್ತಿರುತ್ತದೆ.

ಜಾಗದ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಸಿದ್ದರಾಜುವಿನ ಅಪ್ಪ ಮುನಿಯಣ್ಣ ಹುರುಳಿ ಬೆಳೆಯುತ್ತಿದ್ದ ಚೂರು ಹೊಲವನ್ನು ಎರಡು ಪಾಲು ಮಾಡಿದ್ದ. ಒಳಗಿನ ಪಾಲು ಮಗನಿಗೆ, ಗಲ್ಲಿಯ ಬಾಯಿಯಲ್ಲಿರುವ ಪಾಲು ಮಗಳು ಈಶ್ವರಮ್ಮನಿಗೆ. ಒಳಗಿನಿಂದ ಏನೇ ಹೊರಗೆ ಹೋಗಬೇಕಾದರೂ ಈಶ್ವರಮ್ಮನ ಸೈಟಿನ ಪಕ್ಕದ ಆ ಒಂದೇ ದಾರಿ. ದೋಣಿಗೆ ಕೈ ಹಾಕಿದಾಗ ಆ ಸೈಟಿನಲ್ಲಿ ಎಕ್ಕದ ಗಿಡ ಬಿಟ್ಟರೆ ಏನೂ ಇರಲಿಲ್ಲ. ಲಾರಿ ಯಾಕೆ, ಆನೆ ಮೆರವಣಿಗೆಯೇ ಬರಬಹುದಿತ್ತು. ಊರವರು ಬಂದು ನೋಡಿ ನಕ್ಕು ಹೋದರು. "ಏನ್ ಗುರು, ಸಿಲ್ಕ್ ಬೋರ್ಡ್ ಜಂಕ್ಷನ್ನಲ್ಲಿ ಮಳೆನೀರು ನಿಂತಾಗ ಬಿಡೋಕಾ?" ಎಂದು ನಾನೂ ಚುಡಾಯಿಸಿದ್ದೇನೆ. ಸಿದ್ದರಾಜು ನಗುತ್ತ ಉಜ್ಜುಕಾಗದ ಉಜ್ಜುತ್ತಲೇ ಇದ್ದ. ಮೇಡಂ ಮಾತ್ರ, "ನಗಿ ಶಾಮಣ್ಣ, ನಗಿ. ಮುಳುಗೋ ಪಾರ್ಟು ನಿಮಗೇ ಕೊಡ್ತೀನಿ" ಎಂದರು. ಕೊಟ್ಟೂಬಿಟ್ಟರು.

ದೋಣಿ ಮುಗಿಯುವ ಹೊತ್ತಿಗೆ ಮೇಡಂ ರಿಟೈರ್ ಆಗಿದ್ದರು. ಕೂದಲು ಬೆಳ್ಳಗಾಗಿತ್ತು, ಕೈ ಮಾತ್ರ ಕಬ್ಬಿಣ. ಎಸೆದ ಹಗ್ಗ ಒಂದು ಸಲವೂ ತಪ್ಪುತ್ತಿರಲಿಲ್ಲ. ನನ್ನನ್ನು ಎಳೆದು ದೋಣಿಯ ಬುಡಕ್ಕೆ ಹಾಕಿ, ಕತ್ತಿನಲ್ಲಿ ಇನ್ನೂ ನೇತಾಡುತ್ತಿದ್ದ ಪಿ.ಟಿ. ಸೀಟಿ ಊದುತ್ತಿದ್ದರು. ಹೊರಡುವುದೊಂದೇ ಬಾಕಿ ಇತ್ತು.

ಅಲ್ಲಿಂದ ಶುರುವಾಯಿತು ನೋಡಿ ಪೀಡೆ.

ಸಮುದ್ರಕ್ಕೆ ಹೋಗಬೇಕಾದರೆ ದೀಪಾವಳಿ ಕಳೆದ ಮೇಲೆ, ಶಿವರಾತ್ರಿಯ ಆಸುಪಾಸಿನೊಳಗೆ. ಮಿಕ್ಕ ದಿನಗಳಲ್ಲಿ ಒಂದೋ ಮಳೆ, ಇಲ್ಲವೇ ಗಾಳಿ ಎದುರು. ನಮ್ಮ ಜನರ ಮದುವೆ, ಗೃಹಪ್ರವೇಶಗಳಿಗೆ ಮುಹೂರ್ತ ಬೀಳುವುದೂ ಆಗಲೇ. ನಡುವೆ ಧನುರ್ಮಾಸ ಒಂದು ಖಾಲಿ, ಯಾರೂ ಯಾವ ಶುಭಕಾರ್ಯವನ್ನೂ ಮಾಡುವುದಿಲ್ಲ. ಮೇಡಂ ಅದನ್ನೇ ಹಿಡಿದು, "ಆ ತಿಂಗಳು ನಮ್ಮನ್ನ ಯಾರೂ ಕರೆಯಲ್ಲ, ಹೊರಟುಬಿಡೋಣ" ಎಂದರು. ಈಶ್ವರಮ್ಮ ಎದೆ ಹಿಡಿದುಕೊಂಡಳು.

"ಧನುರ್ಮಾಸದಲ್ಲಿ ಯಾರಾದ್ರೂ ಮನೆ ಬಿಟ್ಟು ದೂರ ಹೊರಡ್ತಾರಾ ಅತ್ತಿಗೆ? ಅದೂ ಸಮುದ್ರಕ್ಕೆ? ಸಂಕ್ರಾಂತಿ ಕಳೀಲಿ, ನಾನೇ ಆರತಿ ಎತ್ತಿ ಕಳಿಸ್ತೀನಿ."

ಸಂಕ್ರಾಂತಿ ಕಳೆಯಿತು. ಎಳ್ಳುಬೆಲ್ಲ ಬೀರಲು ಬಂದ ಈಶ್ವರಮ್ಮ ತಟ್ಟೆ ಕೆಳಗಿಟ್ಟು, "ಅಣ್ಣಾ, ಸುರಭಿಗೆ ಗಂಡು ಕೂಡಿಬಂತು" ಎಂದಳು. ಸುರಭಿ ಅವಳ ಒಬ್ಬಳೇ ಮಗಳು. ಈಶ್ವರಮ್ಮನ ಗಂಡ ಸುರಭಿ ಚಿಕ್ಕವಳಿದ್ದಾಗಲೇ ಹೋಗಿಬಿಟ್ಟಿದ್ದ. ಗಂಡ ಇಲ್ಲದವಳು ಮಗಳನ್ನು ಧಾರೆ ಎರೆದುಕೊಡುವ ಹಾಗಿಲ್ಲ. ದಂಪತಿಗಳೇ ಕೂರಬೇಕು. ಅಣ್ಣ ಅತ್ತಿಗೆ ಬಿಟ್ಟರೆ ಅವಳಿಗೆ ಇನ್ಯಾರಿದ್ದಾರೆ? ಹುಡುಗಿ ದೊಡ್ಡವಳಾದಾಗ ತೆಂಗಿನ ಗರಿಯ ಗುಡ್ಲು ಕಟ್ಟಿದವನೂ ಸಿದ್ದರಾಜುವೇ, ಸೋದರಮಾವ ಅಂತ. ಈಗ ಮಂಟಪಕ್ಕೆ ಕೈ ಹಿಡಿದು ಕರೆತರುವುದೂ ಅವನೇ, ಧಾರೆ ಎರೆಯುವುದೂ ಅವನೇ. ಬನಶಂಕರಿಯ ಛತ್ರದಲ್ಲಿ ಮದುವೆ ಸೊಗಸಾಗಿ ಆಯಿತು. ಮೇಡಂ ರೇಷ್ಮೆ ಸೀರೆಯಲ್ಲಿ ಕೂತು ಧಾರೆಯ ನೀರು ಬಿಟ್ಟರು. ಕೈ ಎಷ್ಟು ಸ್ಥಿರ ಅಂದರೆ ಒಂದು ಹನಿ ಆಚೀಚೆ ಆಗಲಿಲ್ಲ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಬಂದು, "ಮುಂದಿನ ವರ್ಷ ಪಕ್ಕಾ ಶಾಮಣ್ಣ" ಎಂದರು.

ಮುಂದಿನ ವರ್ಷ ಈಶ್ವರಮ್ಮ ಮನೆ ಕಟ್ಟಿಸಿದಳು. ಎಕ್ಕದ ಗಿಡ ಕಿತ್ತು, ಪಾಯ ತೆಗೆದು, ನೋಡುನೋಡುತ್ತ ಎರಡು ಅಂತಸ್ತು. ಉಸ್ತುವಾರಿ ಯಾರು? ಸಿದ್ದರಾಜು. ಬಾಗಿಲು, ಕಿಟಕಿ ಮಾಡಿಕೊಟ್ಟವನು ಯಾರು? ಸಿದ್ದರಾಜು. ಪಾಯ ತೆಗೆಯುವಾಗ ಅವನೇ ಟೇಪು ಹಿಡಿದು, ದೋಣಿ ಹೋಗಲು ಗಲ್ಲಿಯಲ್ಲಿ ಜಾಗ ಬಿಡಿಸಿದ್ದ. ಗೃಹಪ್ರವೇಶದ ಹೋಮಕ್ಕೂ ದಂಪತಿಗಳೇ ಬೇಕು. ಮತ್ತೆ ಅಣ್ಣ ಅತ್ತಿಗೆಯೇ ಪಟ್ಟುಬಟ್ಟೆ ಉಟ್ಟು, ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ಕೂತರು. ಮುಹೂರ್ತ ಸಿಕ್ಕಿದ್ದು ಮಾಘದ ಕೊನೆಯಲ್ಲಿ. ಆ ವರ್ಷದ ಸಮುದ್ರವೂ ಮುಗಿಯಿತು.

ಒಂದು ದಿನ ಸಿದ್ದರಾಜುವನ್ನು ಹಿಡಿದು, "ಲೋ, ನಿನಗೆ ಇಲ್ಲ ಅನ್ನೋಕೆ ಬಾಯಿ ಇಲ್ವೇನೋ?" ಎಂದು ಕೇಳಿಯೇಬಿಟ್ಟೆ.

"ತಂಗಿ ಕಣೋ. ಅವಳಿಗೆ ಯಾರಿದ್ದಾರೆ?"

"ನಿನ್ನ ಹೆಂಡತಿಗೆ ಯಾರಿದ್ದಾರೆ?"

ಒಳಗಿಂದ ಮೇಡಂ, "ಸುಮ್ನಿರಿ ಶಾಮಣ್ಣ, ನಾನೇ ಹೂಂ ಅಂದಿದ್ದು" ಎಂದರು. ಅದೂ ನಿಜವೇ. ಸುರಭಿಯನ್ನು ಅವರು ಎತ್ತಿ ಆಡಿಸಿದ್ದರು. ಅವಳಿಗೆ ಸೈಕಲ್ ಕಲಿಸಿದವರು ಅವರೇ. ಯಾರೂ ಅವರ ಕತ್ತು ಹಿಡಿದು ನಿಲ್ಲಿಸಲಿಲ್ಲ, ಪ್ರೀತಿಯಿಂದ ಕರೆದರು, ಅಷ್ಟೆ. ಅದಕ್ಕೇ ನನಗೆ ಇನ್ನೂ ಸಿಟ್ಟು ಬರುವುದು. ಯಾರ ಮೇಲೆ ಅಂತ ಕೇಳಬೇಡಿ.

ಆ ಮಳೆಗಾಲದಲ್ಲಿ ಮೇಡಂ ನಮ್ಮ ಮನೆಗೆ ಕಾಫಿಗೆ ಬಂದಿದ್ದರು. ಲೋಟ ಬಟ್ಟಲಿಗೆ ತಾಗಿ ಟಕಟಕ ಸದ್ದು. ಬಲಗೈಯ ಹೆಬ್ಬೆರಳು ತಾನಾಗಿಯೇ ಆಡುತ್ತಿತ್ತು, ಕಾಣದ ಮಾತ್ರೆಯೊಂದನ್ನು ಉರುಳಿಸುವ ಹಾಗೆ. ನಾನು ನೋಡಿದ್ದನ್ನು ಅವರು ನೋಡಿ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡರು. ವಾರ ಕಳೆದ ಮೇಲೆ ಸಿದ್ದರಾಜು ಹೇಳಿದ, ನರದ ಡಾಕ್ಟರ ಹತ್ತಿರ ಹೋಗಿದ್ದರಂತೆ, ಪಾರ್ಕಿನ್ಸನ್ಸ್ ಅಂತೆ. ವಾಸಿಯಾಗುವುದಲ್ಲ. ಮಾತ್ರೆಯಲ್ಲಿ ಸ್ವಲ್ಪ ಕಾಲ ಹಿಡಿದಿಡಬಹುದು, ಆಮೇಲೆ ಕೈ, ಆಮೇಲೆ ನಡಿಗೆ. 'ಏನಾದರೂ ಮಾಡಬೇಕು ಅಂತಿದ್ರೆ ಈಗಲೇ ಮಾಡಿ' ಎಂದರಂತೆ ಡಾಕ್ಟರು.

"ಈ ವರ್ಷ ಬ್ರಹ್ಮ ಬಂದ್ರೂ ನಿಲ್ಲಲ್ಲ. ಧನುರ್ಮಾಸವೂ ಇಲ್ಲ, ಏನೂ ಇಲ್ಲ" ಎಂದ ಸಿದ್ದರಾಜು. ಅವನ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು.

ಮಾತ್ರೆ ಹಿಡಿಯಿತು. ಭಾನುವಾರದ ತಾಲೀಮು ಮುಂದುವರಿಯಿತು. ಮೊದಲಿನ ಹಾಗೆ ತೊಡೆಯ ಮೇಲೆ ಬೀಳದಿದ್ದರೂ ಹಗ್ಗ ಕೈಗೆ ಸಿಗುವಷ್ಟು ಹತ್ತಿರ ಬರುತ್ತಿತ್ತು. ಸಾಕು, ಸಾಕು ಎನ್ನುತ್ತಿದ್ದೆವು. ದೀಪಾವಳಿಗೆ ಮುಂಚೆ ಮಲ್ಪೆಗೆ ಸಾಗಿಸಲು ಲಾರಿಯವನನ್ನು ಮಾತಾಡಿಸಿಯೂ ಆಯಿತು. ಅವನು ಬಂದು ನೋಡಿ, ಗಲ್ಲಿ ಕಿರಿದು, ದಾರಿ ಒಂದು ಸಲ ಸರಿಯಾಗಿ ನೋಡಿಕೊಳ್ಳಿ ಎಂದ. ಸಿದ್ದರಾಜು ಮರಗೆಲಸದವನ ಬುದ್ಧಿ ಓಡಿಸಿದ. ದೋಣಿ ಲಾರಿಯ ಮೇಲೆ ಕೂತರೆ ಎಷ್ಟು ಅಗಲ, ಎಷ್ಟು ಎತ್ತರವೋ ಅಷ್ಟಕ್ಕೆ ಸರಿಯಾಗಿ ಬಿದಿರಿನ ಚೌಕಟ್ಟು ಕಟ್ಟಿ ತಳ್ಳುಗಾಡಿಯ ಮೇಲೆ ನಿಲ್ಲಿಸಿದ. ಅದನ್ನು ಗಲ್ಲಿಯಲ್ಲಿ ತಳ್ಳಿಕೊಂಡು ಹೋದರೆ ಎಲ್ಲಿ ತಗಲುತ್ತದೆ ಅಂತ ಗೊತ್ತಾಗುತ್ತದೆ. ಮುಂದೆ ಮೇಡಂ ಸೀಟಿ ಊದಿಕೊಂಡು, ಹಿಂದೆ ನಾವಿಬ್ಬರು ತಳ್ಳುತ್ತ. ಮಕ್ಕಳೆಲ್ಲ ಗಣಪತಿ ಬಿಡಲು ಹೊರಟ ಹಾಗೆ ಕುಣಿಯುತ್ತ ಜೊತೆಗೆ ಬಂದವು. ನನ್ನ ಹೆಂಡತಿ ಕೂಡ ಗೇಟಿಗೆ ಬಂದು ನಕ್ಕಳು.

ಈಶ್ವರಮ್ಮನ ಮನೆಯ ಹತ್ತಿರ ಟಕ್ ಎಂದಿತು.

ಬಿದಿರು ಬಾಲ್ಕನಿಗೆ ಬಡಿದಿತ್ತು. ಕೆಳಗೆ ಗೋಡೆ ಎಲ್ಲಿ ಬೇಕೋ ಅಲ್ಲೇ ಇತ್ತು, ಸಿದ್ದರಾಜು ಟೇಪು ಹಿಡಿದು ಬಿಡಿಸಿದ ಜಾಗ. ಮೇಲೆ ಮೋಲ್ಡ್ ಹಾಕುವಾಗ ಮೇಸ್ತ್ರಿ ಬಾಲ್ಕನಿಯನ್ನು ಒಂದು ಗಜದಷ್ಟು ಗಲ್ಲಿಯ ಮೇಲೆ ಚಾಚಿಬಿಟ್ಟಿದ್ದ. ಬೆಂಗಳೂರಲ್ಲಿ ಯಾರು ಚಾಚುವುದಿಲ್ಲ ಹೇಳಿ? ನನ್ನ ಮನೆಯದೂ ಚಾಚಿದೆ. ಮೋಲ್ಡಿನ ದಿನ ಸಿದ್ದರಾಜು ಅಲ್ಲೇ ನಿಂತು ಕೂಲಿಯವರಿಗೆ ಲಾಡು ಹಂಚುತ್ತಿದ್ದ. ನಾನೂ ಎರಡು ತಿಂದಿದ್ದೆ. ನೆಲ ಅಳೆದವನು ತಲೆ ಎತ್ತಿ ನೋಡಿರಲಿಲ್ಲ.

ಮೂರು ಸಲ ತಳ್ಳಿದೆವು. ಗಾಡಿ ತಗ್ಗಿಸಿ ನೋಡಿದೆವು, ಓರೆ ಮಾಡಿ ನೋಡಿದೆವು. ಎಷ್ಟು ತಗ್ಗಿಸಿದರೂ ಒಂದು ಮೊಳ ತಗಲುತ್ತಿತ್ತು. ಕ್ರೇನಿನಲ್ಲಿ ಮೇಲಿಂದ ಎತ್ತೋಣವೆಂದರೆ ತಲೆಯ ಮೇಲೆ ಕರೆಂಟಿನ ತಂತಿಗಳ ಜಾಲ. ಆ ಬಾಲ್ಕನಿ ಒಡೆಯದೆ 'ಇಂಚರ' ಆಚೆ ಬರುವುದಿಲ್ಲ, ಅಷ್ಟೇ ವಿಷಯ. ಒಡೆಯುವುದು ಎರಡು ದಿನದ ಕೆಲಸ, ಒಡೆಸೋಣ ಎಂದುಕೊಂಡು ನಾವು ತಲೆ ಎತ್ತಿದರೆ, ಬಾಲ್ಕನಿಯಲ್ಲಿ ಸುರಭಿ ನಿಂತಿದ್ದಳು. ಗಂಡನ ಮನೆಯಿಂದ ಹಬ್ಬಕ್ಕೆ ಬಂದಿದ್ದಳು. ಅವಳ ಹಿಂದೆಯೇ ಈಶ್ವರಮ್ಮ.

"ಅಣ್ಣಾ, ಇವತ್ತು ಸಾಯಂಕಾಲ ಬಂದು ಹೇಳೋಣ ಅಂತಿದ್ದೆ. ಸುರಭಿಗೆ ನಾಲ್ಕು ತಿಂಗಳು. ಇನ್ನು ಬಾಣಂತನ ಮುಗಿಯೋ ತನಕ ಇಲ್ಲೇ ಇರ್ತಾಳೆ."

ಸಿದ್ದರಾಜುವಿನ ಮುಖದಲ್ಲಿ ಸಂತೋಷವೂ ಬಂತು, ಇನ್ನೊಂದೂ ಬಂತು. ಬಸುರಿ ಇರುವ ಮನೆಗೆ ಸುತ್ತಿಗೆ ಏಟು ಹಾಕುವ ಹಾಗಿಲ್ಲ. ಮೊಳೆ ಹೊಡೆಯುವುದಕ್ಕೂ ಹಿಂದೆಮುಂದೆ ನೋಡುತ್ತಾರೆ, ಇನ್ನು ಬಾಲ್ಕನಿ ಒಡೆಯುವುದೆಲ್ಲಿ ಬಂತು. ಈಶ್ವರಮ್ಮ ಕೆಳಗೆ ಇಳಿದು ಬಂದು, ಬಗ್ಗಿದ ಬಿದಿರನ್ನು ನೋಡಿ, ವಿಷಯ ತಿಳಿದು ಅತ್ತಳು. ನಾಟಕದ ಅಳುವಲ್ಲ ಅದು. "ಹೆರಿಗೆ ಆಗ್ಲಿ ಅಣ್ಣಾ, ಮಾರನೇ ತಿಂಗಳೇ ಒಡೆಸ್ತೀನಿ. ಈಗ ಕೈ ಹಚ್ಚಿ, ನಾಳೆ ಮಗೂಗೆ ಏನಾದ್ರೂ ಹೆಚ್ಚುಕಡಿಮೆ ಆದ್ರೆ?"

"ಅದೆಲ್ಲ ಮೂಢನಂಬಿಕೆ ಅಮ್ಮ. ಮಾವ, ಒಡೆಸಿ ನೀವು" ಎಂದಳು ಸುರಭಿ ಮೇಲಿಂದ. ಒಳ್ಳೆ ಹುಡುಗಿ.

ಎಲ್ಲರೂ ಮೇಡಂ ಮುಖ ನೋಡಿದರು. ಅವರ ಬಲಗೈ ಸೆರಗಿನೊಳಗಿತ್ತು. ಹೆರಿಗೆ ಎಂದರೆ ಯುಗಾದಿ ಕಳೆದು. ಅಷ್ಟರಲ್ಲಿ ಈ ಸಲದ ಗಾಳಿ ಮುಗಿದಿರುತ್ತದೆ. ಆಮೇಲೆ ಮತ್ತೆ ದೀಪಾವಳಿಯ ತನಕ ಕಾಯಬೇಕು, ಈ ಕೈಯನ್ನು ಇಟ್ಟುಕೊಂಡು. ಅದೆಲ್ಲ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

"ಬೇಡ. ನನ್ನ ದೋಣಿಗೋಸ್ಕರ ಆ ಮನೆ ಮೇಲೆ ಏಟು ಬೀಳೋದು ಬೇಡ" ಎಂದರು ಮೇಡಂ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು, "ನಾಳೆ ಏನಾದ್ರೂ ಆದ್ರೆ ಮಕ್ಕಳಿಲ್ಲದೋಳ ಕಣ್ಣು ಬಿತ್ತು ಅಂತಾರೆ ಶಾಮಣ್ಣ. ಅದನ್ನ ಕೇಳೋ ಶಕ್ತಿ ನನಗಿಲ್ಲ."

ಹಾಗೆ ಅನ್ನುತ್ತಾರಾ ಎಂದು ನಾನು ಅಂದುಕೊಂಡಿದ್ದೆ. ಸೀಮಂತದ ದಿನ ಗೊತ್ತಾಯಿತು. ಈಶ್ವರಮ್ಮ ಗಂಡ ಇಲ್ಲದವಳು, ಆರತಿ ತಟ್ಟೆ ಮುಟ್ಟುವ ಹಾಗಿಲ್ಲ. ತಾಯಿಯ ಬದಲು ಸೋದರತ್ತೆಯೇ ಮೊದಲ ಆರತಿ ಎತ್ತಬೇಕು. ಮೇಡಂ ಮದುವೆಯ ಅದೇ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಬೀಗರ ಕಡೆಯ ಹಿರಿಯ ಹೆಂಗಸೊಬ್ಬಳು ತಟ್ಟೆಯನ್ನು ಅವರ ಮುಂದಿನಿಂದಲೇ ಆಚೆ ಸಾಗಿಸಿ, "ಮಕ್ಕಳೊಂದಿಗರು ಯಾರಾದ್ರೂ ಎತ್ತಲಿ" ಎಂದಳು. ಬೈದ ದನಿಯಲ್ಲ, ಉಪ್ಪು ಆ ಕಡೆ ಕೊಡಿ ಎನ್ನುವ ದನಿ. ಧಾರೆ ಎರೆಯಲು, ಹೋಮಕ್ಕೆ ಕೂರಲು ಬೇಕಾದ ಹೆಂಗಸು ಇದಕ್ಕೆ ಬೇಡವಾದಳು. ಈಶ್ವರಮ್ಮ ನೆಲ ನೋಡಿದಳು. ಆಮೇಲೆ ಅತ್ತಿಗೆ ನಾದಿನಿ ಇಬ್ಬರೂ ಅಡುಗೆಮನೆಯ ಬಾಗಿಲಲ್ಲಿ ಪಕ್ಕಪಕ್ಕ ನಿಂತು, ಬೇರೆಯವರು ಆರತಿ ಎತ್ತುವುದನ್ನು ನೋಡಿದರು. ನಾನು ಊಟ ಮಾಡದೆ ಎದ್ದು ಬಂದೆ. ನನ್ನ ಹೆಂಡತಿಯೂ ಎದ್ದು ಬಂದಳು, ಏನೂ ಬೈಯಲಿಲ್ಲ.

ಮಗು ಹೆಣ್ಣು. ಗುಂಡುಗುಂಡಾಗಿ, ಹುಟ್ಟಿದಾಗಲೇ ತಲೆತುಂಬ ಕೂದಲು. ನಾಮಕರಣದ ಹಿಂದಿನ ದಿನ ಸುರಭಿ ಮಗುವನ್ನು ಎತ್ತಿಕೊಂಡು ಶೆಡ್ಡಿಗೇ ಬಂದಳು. ಮೇಡಂ ದೋಣಿಯ ನೆರಳಿನಲ್ಲಿ ಕೂತು ಹಗ್ಗಕ್ಕೆ ಗಂಟು ಹಾಕುವ ಅಭ್ಯಾಸ ಮಾಡುತ್ತಿದ್ದರು. ಮೊದಲು ಕಣ್ಣುಮುಚ್ಚಿ ಹಾಕುತ್ತಿದ್ದ ಗಂಟು ಈಗ ಬಿಚ್ಚಿಬಿಚ್ಚಿ ಹೋಗುತ್ತಿತ್ತು.

"ಅತ್ತೆ, ಇವಳಿಗೆ ಇಂಚರ ಅಂತ ಇಡ್ತೀನಿ. ನೀವು ಆರಿಸಿಟ್ಟ ಹೆಸರು. ಇಡ್ಲಾ?"

ತೆಗೆದುಕೊಳ್ಳುತ್ತಿದ್ದೇನೆ ಅಂತ ಗೊತ್ತಿಲ್ಲದೆ ಅವಳು ಕೊಟ್ಟೆ ಅಂದುಕೊಂಡಳು, ಪಾಪ. ಮೇಡಂ ಮಗುವಿನ ಪಾದ ಮುಟ್ಟಿ, "ಇಡು ಕಣೆ. ಕರೆಯೋಕೆ ಒಬ್ಬರು ಸಿಕ್ಕಿದ್ರಲ್ಲ ಆ ಹೆಸರಿಗೆ" ಎಂದರು. ನಾನು ದೋಣಿಯ ಮೂತಿಯ ನೀಲಿ ಅಕ್ಷರ ನೋಡಿ, ಬೀಡಿ ಸೇದುವ ನೆವದಲ್ಲಿ ಹೊರಗೆ ಹೋದೆ. ಬೀಡಿ ಬಿಟ್ಟು ಹತ್ತು ವರ್ಷವಾಗಿತ್ತು.

ಈಶ್ವರಮ್ಮ ಮಾತಿಗೆ ತಪ್ಪಲಿಲ್ಲ. ಬಾಣಂತನ ಮುಗಿಯುತ್ತಲೇ ಮೇಸ್ತ್ರಿಯನ್ನು ಕರೆಸಿದಳು. ಎರಡೇ ದಿನ. ಮೊದಲ ಸುತ್ತಿಗೆ ಏಟಿಗೆ ಅವಳು ಕಣ್ಣು ಮುಚ್ಚಿಕೊಂಡದ್ದನ್ನು ನಾನು ನೋಡಿದೆ. ಹೊಸ ಮನೆ, ಒಬ್ಬಳೇ ಕಷ್ಟಪಟ್ಟು ಕಟ್ಟಿಸಿದ್ದು. ಬಾಲ್ಕನಿ ಇದ್ದ ಕಡೆ ಕಬ್ಬಿಣದ ಸರಳುಗಳು ಮಾತ್ರ ಚಾಚಿಕೊಂಡವು, ಅವನ್ನೂ ಕತ್ತರಿಸಿದರು. ಗಲ್ಲಿ ಮೊದಲಿನ ಹಾಗೆ ಆಕಾಶಕ್ಕೆ ತೆರೆದುಕೊಂಡಿತು. ಸಿದ್ದರಾಜು ಬಿದಿರಿನ ಚೌಕಟ್ಟನ್ನು ಮತ್ತೆ ಕಟ್ಟಿ ತಳ್ಳಿದ. ಎಲ್ಲೂ ತಗಲಲಿಲ್ಲ. ಮೆಯಿನ್ ರೋಡಿನ ಮೆಟ್ರೋ ಕಂಬದ ತನಕ ಹೋಗಿ ಬಂದು ಮಗುವಿನ ಹಾಗೆ ಕೇಕೆ ಹಾಕಿದ. ಮೇಡಂ ಈ ಸಲ ಮುಂದೆ ನಡೆಯಲಿಲ್ಲ. ಕುರ್ಚಿಯಲ್ಲಿ ಕೂತು ನೋಡಿದರು. ಅವರ ಹೆಜ್ಜೆ ಅಷ್ಟು ಹೊತ್ತಿಗೆ ಸಣ್ಣದಾಗಿತ್ತು.

ದೀಪಾವಳಿ ಮತ್ತೆ ಬಂತು. ಪಟಾಕಿ ಕಸ ಗಲ್ಲಿಯಲ್ಲಿ ಇನ್ನೂ ಬಿದ್ದಿರುವಾಗ, ಭಾನುವಾರ ಬೆಳಗ್ಗೆ ಸಿದ್ದರಾಜು ನಮ್ಮ ಬಾಗಿಲಿಗೆ ಬಂದ.

"ಶಾಮ, ಅವಳು ಕರೀತಾ ಇದಾಳೆ. ತಾಲೀಮಂತೆ."

"ಬೇಕೇನೋ ಅದು?"

"ನನ್ನ ಕೇಳ್ಬೇಡ. ಬಾ."

ನಾನು ಹೋಗಿ ಮಾಮೂಲಿ ಜಾಗದಲ್ಲಿ ಕೂತೆ. ಮೇಡಂ ಏಣಿ ಹತ್ತುವಾಗ ಸಿದ್ದರಾಜು ಹಿಂದೆ ನಿಂತು ಒಂದೊಂದೇ ಮೆಟ್ಟಿಲಿಗೆ ಅವರ ಪಾದ ಎತ್ತಿಡುತ್ತಿದ್ದ. ಮೇಲೆ ನಿಂತು, ಕಂಬಿ ಹಿಡಿದು, ಉಸಿರು ತಂದುಕೊಂಡರು. ಸೀಟಿ ಕತ್ತಿನಲ್ಲಿತ್ತು. ಹಗ್ಗದ ಸುರುಳಿ ಕೈಯಲ್ಲಿ ಗಡಗಡ ಎನ್ನುತ್ತಿತ್ತು.

"ಮುಳುಗಿ ಶಾಮಣ್ಣ" ಎಂದರು.

"ಅಯ್ಯೋ, ಮುಳುಗ್ತಾ ಇದೀನಿ" ಎಂದೆ.

ಮೊದಲನೆಯದು ದೋಣಿಯ ಬುಡದಲ್ಲೇ ಬಿತ್ತು. ಎರಡನೆಯದು ಎಡಕ್ಕೆ ಹೋಗಿ ಸಿಮೆಂಟು ಚೀಲದ ಮೇಲೆ ಬಿತ್ತು. ಸಿದ್ದರಾಜು ಹಗ್ಗ ಸುತ್ತಿ ಮತ್ತೆ ಮೇಲೆ ಕೊಟ್ಟ. ಮೂರನೆಯದಕ್ಕೆ ಅವರು ತುಟಿ ಕಚ್ಚಿ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಬೀಸಿದರು. ಹಗ್ಗ ಗಾಳಿಯಲ್ಲಿರುವಾಗಲೇ ನನಗೆ ಕಂಡಿತು, ಇದೂ ಬ‌ರುವುದಿಲ್ಲ. ನಾನು ಅಂಡು ಜರುಗಿಸಿ ಮುಂದೆ ಹೋಗಿ ಕುಣಿಕೆಯನ್ನು ಹಿಡಿದೇಬಿಟ್ಟೆ. ಕಂಕುಳಿಗೆ ಸಿಕ್ಕಿಸಿಕೊಂಡು, "ಸಿಕ್ತು ಮೇಡಂ! ಎಳೀರಿ!" ಎಂದು ಕೂಗಿದೆ.

ಅವರು ಎಳೆಯಲಿಲ್ಲ.

"ನೀವು ಮುಂದೆ ಬಂದ್ರಿ."

"ಎಲ್ಲಿ ಮೇಡಂ, ಇಲ್ಲೇ ಇದ್ದೆ."

"ಮಣ್ಣಲ್ಲಿ ಗೆರೆ ಬಿದ್ದಿದೆ ನೋಡಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಆಟದ ಮೈದಾನದಲ್ಲಿ ಓಡಿ ಸೋತ ಹುಡುಗಿಗೆ ಹೇಳುವ ಹಾಗೆ ಹೇಳಿದರು. "ನೀರಿಗೆ ಬಿದ್ದೋರು ಹತ್ರ ಬರಲ್ಲ ಶಾಮಣ್ಣ. ದೂರ ದೂರ ಹೋಗ್ತಾರೆ."

ಸಿದ್ದರಾಜು ಏಣಿಯ ಕೆಳಗೆ ನಿಂತಿದ್ದ. "ಇಂದೂ, ನೀನು ಸುಮ್ನೆ ಕೂತಿರು, ಸಾಕು. ಎಲ್ಲ ನಾನೇ ನೋಡ್ಕೋತೀನಿ. ನಾನು ಬೀಳಲ್ಲ."

"ಬೀಳ್ತೀನಿ ಅಂತ ಹೇಳಿ ಯಾರೂ ಬೀಳಲ್ಲ ಸಿದ್ದು. ನೀನು ಮುಳುಗೋದನ್ನ ನೋಡ್ತಾ ಕೂತ್ಕೊಳ್ಳೋಕೆ ನನ್ನ ಕರ್ಕೊಂಡು ಹೋಗ್ಬೇಡ. ನಾವೇ ಆಡಿದ್ದ ಮಾತು ಅಲ್ವಾ?"

ಅವನು ಏಣಿಗೆ ಹಣೆ ಇಟ್ಟು ಅತ್ತ. ಅರವತ್ತು ದಾಟಿದ ಗಂಡಸು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ. ನಾನು ಕುಣಿಕೆಯನ್ನು ಮೈಗೆ ಹಾಕಿಕೊಂಡೇ ಕೂತಿದ್ದೆ, ತೆಗೆಯಬೇಕು ಅನ್ನುವುದೂ ಹೊಳೆಯಲಿಲ್ಲ. ಹಗ್ಗದ ಇನ್ನೊಂದು ತುದಿ ಅವರ ಕೈಯಲ್ಲೇ ಇತ್ತು. ಅವರ ಕೈಯ ನಡುಕ ಹಗ್ಗದಗುಂಟ ಬಂದು ನನ್ನ ಕಂಕುಳಿಗೆ ತಿಳಿಯುತ್ತಿತ್ತು.

ಅಷ್ಟರಲ್ಲಿ ಗಲ್ಲಿಯ ಬಾಯಿಯಿಂದ ಈಶ್ವರಮ್ಮನ ದನಿ ಕೇಳಿತು. ಬಾಲ್ಕನಿ ಇಲ್ಲದ ಮೇಲಿನ ಬಾಗಿಲಲ್ಲಿ, ಈಗ ಹಾಕಿಸಿರುವ ಕಬ್ಬಿಣದ ಗ್ರಿಲ್ಲಿನ ಹಿಂದೆ, ಹಬ್ಬಕ್ಕೆ ಬಂದಿದ್ದ ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು ನಿಂತಿದ್ದಳು. ಶೆಡ್ಡಿನೊಳಗೆ ನಡೆಯುತ್ತಿದ್ದುದು ಅವಳಿಗೆ ಕಾಣುತ್ತಿರಲಿಲ್ಲ.

"ಅತ್ತಿಗೆ! ಬರೋ ತಿಂಗಳು ಇಂಚರನ ಕಿವಿ ಚುಚ್ಚಿಸ್ಬೇಕು. ಸೋದರಮಾವನ ಜಾಗದಲ್ಲಿ ಅಣ್ಣನೇ ತೊಡೆ ಕೊಡ್ಬೇಕು. ನೀವು ಹೊರಡೋದ್ರೊಳಗೆ ಇಟ್ಕೊಳ್ಳೋಣ ಅಂತ. ಯಾವತ್ತು ಹೊರಡ್ತೀರಾ?"

ಮೇಡಂ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ದೋಣಿಯ ಮೇಲಿಂದ, ತೆರೆದ ಗಲ್ಲಿಯ ಉದ್ದಕ್ಕೂ ಕೇಳುವಷ್ಟು ಜೋರಾಗಿ ಹೇಳಿದರು.

"ನಿಧಾನಕ್ಕೆ ಒಳ್ಳೆ ದಿನ ನೋಡು ಈಶ್ವರಿ. ನಾವು ಇಲ್ಲೇ ಇರ್ತೀವಿ."